ಡ್ವೈಟ್ ಯಾರ್ಕ್: ಗೋಲು ಹೊಡೆಯುವವನು ಕಾರ್ನರ್ ಒದ್ದ ದಿನ

1999ರ ಮೇ 26 ಅಂದರೆ ನಮ್ಮಲ್ಲಿ ಟಾಂಟನ್. ವಿಶ್ವಕಪ್ ಮ್ಯಾಚು, ಗಂಗೂಲಿ 183, ನಮ್ಮ ದ್ರಾವಿಡ್ 145, ಜೊತೆಯಾಟ 318. ಶ್ರೀಲಂಕಾದವರಿಗೆ ಬೌಂಡರಿ ಆಚೆಯಿಂದ ಚೆಂಡು ಹೆಕ್ಕಿ ತರುವುದೇ ಕೆಲಸ. ಆ ಖುಷಿಯಲ್ಲಿ ಟಿವಿ ಆರಿಸಿ ಮಲಗಿದವರೇ ಜಾಸ್ತಿ. ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡೂ ಕಾಲು ಆದಾಗ ಬಾರ್ಸಿಲೋನಾದಲ್ಲಿ ಇನ್ನೊಂದು ಆಟ ಶುರುವಾಯಿತು: ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಬಯರ್ನ್ ಮ್ಯೂನಿಕ್ ನಡುವಿನ ಚಾಂಪಿಯನ್ಸ್ ಲೀಗ್ ಫೈನಲ್, ಅಂದರೆ ಯುರೋಪಿನ ಕ್ಲಬ್ಬುಗಳ ದೊಡ್ಡ ಫುಟ್‌ಬಾಲ್ ಟೂರ್ನಿಯ ಕೊನೆಯ ಪಂದ್ಯ. ಕೊನೆಗಳಿಗೆಯಲ್ಲಿ ಶೆರಿಂಗ್‌ಹ್ಯಾಮ್, ಸೋಲ್ಶಾರ್ ಹೊಡೆದು ಯುನೈಟೆಡ್ ಗೆಲ್ಲಿಸಿದ ಎರಡು ಗೋಲು ಎಲ್ಲರಿಗೂ ಗೊತ್ತು. ಆದರೆ ಯುನೈಟೆಡ್ ಅಲ್ಲಿವರೆಗೆ ಬಂದಿದ್ದು ಯಾರ ಗೋಲುಗಳಿಂದ ಅಂತ ಕೇಳಿದರೆ ಮೊದಲು ಬರುವ ಹೆಸರು ಅವರ ಸ್ಟ್ರೈಕರ್, ಗೋಲು ಹೊಡೆಯುವ ಆಟಗಾರ, ಡ್ವೈಟ್ ಯಾರ್ಕ್. ಆ ಟೂರ್ನಿಯಲ್ಲಿ ಎಂಟು ಗೋಲು. ಫೈನಲ್‌ನಲ್ಲಿ ಮಾತ್ರ ಒಂದೂ ಇಲ್ಲ.

ಈ ಮನುಷ್ಯನ ಕಥೆಯಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ದೊಡ್ಡ ದಿನ ಬಂತು ಅಂದರೆ ಗೋಲು ಬೇರೆ ಯಾರದ್ದೋ. ಇವನು ಅಲ್ಲೇ ಪಕ್ಕದಲ್ಲಿ ಇರುತ್ತಾನೆ. ಪ್ರೀಮಿಯರ್ ಲೀಗ್‌ನಲ್ಲಿ 123 ಗೋಲು ಹೊಡೆದವನು, ಯುರೋಪಿನ ಆಚೆಯಿಂದ ಬಂದವರಲ್ಲಿ 2017ರಲ್ಲಿ ಅರ್ಜೆಂಟೀನಾದ ಅಗುವೆರೊ ದಾಟುವ ತನಕ ಅದೇ ದಾಖಲೆ. ಅಂಥವನನ್ನು ಅವನ ದೇಶವಾದ ಟ್ರಿನಿಡಾಡ್ ಮತ್ತು ಟೊಬೇಗೊದವರು ಎಲ್ಲಕ್ಕಿಂತ ಹೆಚ್ಚು ನೆನೆಯುವುದು ಮೈದಾನದ ಮೂಲೆಯಿಂದ ಒದ್ದ ಒಂದು ಕಾರ್ನರ್ ಕಿಕ್‌ಗೆ ಅಂದರೆ ವಿಚಿತ್ರ ಅಲ್ವಾ? ಅದು ಹೇಗಾಯಿತು ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಟ್ರಿನಿಡಾಡ್ ಅಂದರೆ ನಮಗೆ ಕ್ರಿಕೆಟ್ಟೇ. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್‌ನಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದಿತಲ್ಲ, ಅದರಲ್ಲಿ ನಮ್ಮ ವಿಶ್ವನಾಥ್ 112, ಕೊನೆಯಲ್ಲಿ ಔಟಾಗದೆ ನಿಂತ ಬ್ರಿಜೇಶ್ ಪಟೇಲ್ 49. ಆಮೇಲೆ ಲಾರಾ. ಅದೇ ಊರಿನಲ್ಲಿ ಇನ್ನೊಂದು ಮೈದಾನ ಇದೆ, ಫುಟ್‌ಬಾಲ್‌ನದ್ದು. ನ್ಯಾಷನಲ್ ಸ್ಟೇಡಿಯಂ ಅಂತ ಇತ್ತು, ಈಗ ಒಲಿಂಪಿಕ್ ಓಟಗಾರ ಹೇಸ್ಲಿ ಕ್ರಾಫರ್ಡ್ ಹೆಸರಿನಲ್ಲಿದೆ. ಆ ದೇಶದ ಫುಟ್‌ಬಾಲ್ ಕಣ್ಣೀರೆಲ್ಲ ಬಿದ್ದಿದ್ದು ಅಲ್ಲಿ.

ಯಾರ್ಕ್ ಟ್ರಿನಿಡಾಡ್‌ನವನಲ್ಲ, ಪಕ್ಕದ ಪುಟ್ಟ ದ್ವೀಪ ಟೊಬೇಗೊದವನು. ಎರಡೂ ಸೇರಿ ಒಂದೇ ದೇಶ. ಹುಟ್ಟಿದ್ದು 1971ರ ನವೆಂಬರ್ 3, ಕೆನಾನ್ ಅನ್ನುವ ಹಳ್ಳಿ. ಟೊಬೇಗೊದ ಜನಸಂಖ್ಯೆ ಅರವತ್ತು ಸಾವಿರದ ಆಸುಪಾಸು, ನಮ್ಮಲ್ಲಿ ಒಂದು ಸಣ್ಣ ತಾಲೂಕು ಕೇಂದ್ರದಷ್ಟು. ಕೆನಾನ್ ಹತ್ತಿರದ ಬಕೂ ಊರಿನಲ್ಲಿ ಈಸ್ಟರ್ ಸಮಯದಲ್ಲಿ ಆಡುಗಳ ಓಟ ನಡೆಯುತ್ತದೆ, ಹಗ್ಗ ಹಿಡಿದು ಬರಿಗಾಲಲ್ಲಿ ಆಡಿನ ಹಿಂದೆ ಓಡುತ್ತಾರೆ. ನಮ್ಮ ಕರಾವಳಿಯ ಕಂಬಳ ನೋಡಿದವರಿಗೆ ಇದೇನೂ ಹೊಸದಲ್ಲ. ಯಾರ್ಕ್‌ನ ಅಣ್ಣ ಕ್ಲಿಂಟ್ ಟ್ರಿನಿಡಾಡ್ ಮತ್ತು ಟೊಬೇಗೊ ಪರ ಕ್ರಿಕೆಟ್ ಆಡಿದವನು. ತಮ್ಮ ಫುಟ್‌ಬಾಲ್ ಹಿಡಿದ. ಅವನನ್ನು ಹುಡುಗನಾಗಿದ್ದಾಗಲೇ ಗುರುತಿಸಿ ತಿದ್ದಿದವರು ಅಲ್ಲಿನ ಕೋಚ್ ಬರ್ಟಿಲ್ ಸೇಂಟ್ ಕ್ಲೇರ್. ಈ ಹೆಸರು ನೆನಪಿಡಿ, ಮುಂದೆ ಬರುತ್ತದೆ.

1989ರಲ್ಲಿ ಇಂಗ್ಲೆಂಡಿನ ಆಸ್ಟನ್ ವಿಲ್ಲಾ ತಂಡ ಸೀಸನ್ ನಡುವೆ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಬಂತು. ಎದುರಾಳಿ ತಂಡದಲ್ಲಿ ಹದಿನೇಳರ ಒಬ್ಬ ಹುಡುಗ ಆಡುತ್ತಿದ್ದ. ವಿಲ್ಲಾದ ಮ್ಯಾನೇಜರ್ ಗ್ರಹಾಂ ಟೇಲರ್ ನೋಡಿದರು, ಟ್ರಯಲ್‌ಗೆ ಕರೆಸಿದರು, ಸುಮಾರು 1,20,000 ಪೌಂಡ್‌ಗೆ ಕೊಂಡುಕೊಂಡರು. ಇವತ್ತಿನ ಲೆಕ್ಕದಲ್ಲಿ ಚಿಲ್ಲರೆ ಕಾಸು.

ಆದರೆ ಹಡಗು ಹತ್ತುವ ಮೊದಲು, ಅಂದರೆ ವಿಮಾನವೇ ಅನ್ನಿ, ಒಂದು ಮ್ಯಾಚ್ ಇತ್ತು. 1989ರ ನವೆಂಬರ್ 19. 1990ರ ವಿಶ್ವಕಪ್‌ಗೆ ಹೋಗಲು ಟ್ರಿನಿಡಾಡ್ ಮತ್ತು ಟೊಬೇಗೊಗೆ ಅಮೆರಿಕದ ಮೇಲೆ ಡ್ರಾ ಸಾಕು. ಅದೂ ತವರಿನಲ್ಲಿ.

ಈ ಪಂದ್ಯದ ಭಾರ ಗೊತ್ತಾಗಬೇಕಾದರೆ 1973 ಗೊತ್ತಿರಬೇಕು. ಆ ವರ್ಷ ಇನ್ನೊಂದು ಕೆರಿಬಿಯನ್ ದೇಶ ಹೈಟಿಯಲ್ಲಿ ನಡೆದ ಅರ್ಹತಾ ಟೂರ್ನಿಯಲ್ಲಿ ಇದೇ ಟ್ರಿನಿಡಾಡ್ ಆತಿಥೇಯ ಹೈಟಿಯ ಎದುರು ಹೊಡೆದ ನಾಲ್ಕು ಗೋಲುಗಳನ್ನು ರೆಫರಿ ಒಪ್ಪಲಿಲ್ಲ. ನಾಲ್ಕು! 2-1ರಲ್ಲಿ ಸೋಲು. ಹೈಟಿ 1974ರ ವಿಶ್ವಕಪ್‌ಗೆ ಹೋಯಿತು. ಆ ರೆಫರಿಯನ್ನು ಆಮೇಲೆ ನಿಷೇಧಿಸಿದರು, ಆದರೆ ಅದರಿಂದ ಏನು ಬಂತು. ಆ ಗಾಯ ಮಾಯದೆ ಹದಿನಾರು ವರ್ಷ ಕಳೆದಿತ್ತು.

ಹಾಗಾಗಿ 1989ರ ಆ ಭಾನುವಾರ ಇಡೀ ದೇಶ ಕೆಂಪು ಬಟ್ಟೆ ಹಾಕಿಕೊಂಡಿತ್ತು. ಮಾರನೇ ದಿನಕ್ಕೆ ಸರ್ಕಾರ ಮೊದಲೇ ರಜೆ ಘೋಷಿಸಿ ಕೂತಿತ್ತು. ಸ್ಟೇಡಿಯಂನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ. ಅರ್ಧ ಗಂಟೆ ಆಗುವಷ್ಟರಲ್ಲಿ ಅಮೆರಿಕದ ಪಾಲ್ ಕಲಿಜುರಿ ದೂರದಿಂದ ಎಡಗಾಲಲ್ಲಿ ಒದ್ದ, ಚೆಂಡು ಮೇಲೇರಿ ತಟ್ಟನೆ ಬಾಗಿತು, ಟ್ರಿನಿಡಾಡ್ ಗೋಲ್‌ಕೀಪರ್ ಮೈಕೆಲ್ ಮೌರಿಸ್ ಬಿದ್ದ, ಸಿಗಲಿಲ್ಲ. 1-0. ಅಷ್ಟೇ. ಉಳಿದ ಒಂದು ಗಂಟೆಯಲ್ಲಿ ಒಂದು ಗೋಲು ಬರಲಿಲ್ಲ. ಹದಿನೆಂಟು ತುಂಬಿ ಎರಡು ವಾರವಾಗಿದ್ದ ಯಾರ್ಕ್ ಕೂಡ ಮೈದಾನದಲ್ಲಿದ್ದ. ಜನ ಗಲಾಟೆ ಮಾಡಲಿಲ್ಲ, ಗೆದ್ದವರಿಗೆ ಚಪ್ಪಾಳೆ ತಟ್ಟಿದರು. ಆ ಪ್ರೇಕ್ಷಕರಿಗೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಫೇರ್ ಪ್ಲೇ ಪ್ರಶಸ್ತಿ ಬೇರೆ ಕೊಟ್ಟಿತು. ರಜೆಯಂತೂ ಘೋಷಣೆ ಆಗಿತ್ತಲ್ಲ, ಸಂಭ್ರಮವಿಲ್ಲದ ರಜೆಯಲ್ಲಿ ಎಲ್ಲರೂ ಮನೆಯಲ್ಲಿ ಕೂತರು.

ಆ ಬಾಕಿ ತಲೆ ಮೇಲೆ ಇಟ್ಟುಕೊಂಡೇ ಹುಡುಗ ಬರ್ಮಿಂಗ್‌ಹ್ಯಾಮ್‌ಗೆ ಹೋದ ಅನ್ನಬಹುದು.

ವಿಲ್ಲಾದಲ್ಲಿ ಶುರುವಿಗೇ ಸ್ಟ್ರೈಕರ್ ಆಗಲಿಲ್ಲ. ಕೆಲವು ವರ್ಷ ವಿಂಗ್‌ನಲ್ಲಿ, ಮೈದಾನದ ಅಂಚಿನಲ್ಲಿ, ಓಡಿದ. ಬ್ರಯನ್ ಲಿಟಲ್ ಮ್ಯಾನೇಜರ್ ಆಗಿ ಬಂದ ಮೇಲೆ ನಡುವಿಗೆ ತಂದು ನಿಲ್ಲಿಸಿದರು, 1995-96ರಲ್ಲಿ ಲೀಗ್‌ನಲ್ಲೇ 17 ಗೋಲು, ಲೀಡ್ಸ್ ಮೇಲೆ ಲೀಗ್ ಕಪ್ ಫೈನಲ್‌ನಲ್ಲಿ ಒಂದು. ವಿಂಗ್‌ನಲ್ಲಿ ಆಡಿದ್ದು ವ್ಯರ್ಥ ಆಗಲಿಲ್ಲ. ಚೆಂಡು ಕೊಟ್ಟು ಜಾಗ ಮಾಡಿಕೊಳ್ಳುವುದು, ಇನ್ನೊಬ್ಬನಿಗೆ ಬಾಗಿಲು ತೆರೆಯುವುದು ಅಲ್ಲೇ ಕಲಿತ ಅಂತ ನನ್ನ ಲೆಕ್ಕ.

1998ರ ಆಗಸ್ಟ್‌ನಲ್ಲಿ ಯುನೈಟೆಡ್ ಮ್ಯಾನೇಜರ್ ಫರ್ಗುಸನ್ 1.26 ಕೋಟಿ ಪೌಂಡ್ ಕೊಟ್ಟು ಮ್ಯಾಂಚೆಸ್ಟರ್‌ಗೆ ಕರೆದುಕೊಂಡು ಹೋದರು. ಅಲ್ಲಿ ಜೊತೆ ಸಿಕ್ಕವನು ಆಂಡಿ ಕೋಲ್. ಇಬ್ಬರ ನಡುವೆ ಏನಿತ್ತು ಅಂತ ತಿಳಿಯಲು ಒಂದೇ ಗೋಲು ನೋಡಿದರೆ ಸಾಕು, ಅದೇ ನವೆಂಬರ್‌ನಲ್ಲಿ ಬಾರ್ಸಿಲೋನಾ ಮೇಲೆ 3-3 ಆದ ಪಂದ್ಯದ್ದು. ಯುನೈಟೆಡ್ ನಾಯಕ ಕೀನ್ ಪಾಸ್ ಬರುತ್ತದೆ ಯಾರ್ಕ್ ಕಡೆಗೆ. ಯಾರ್ಕ್ ಮುಟ್ಟುವುದೇ ಇಲ್ಲ, ಚೆಂಡನ್ನು ದಾಟಿ ಬಿಟ್ಟುಬಿಡುತ್ತಾನೆ. ಹಿಂದೆ ಕೋಲ್ ಇದ್ದಾನೆ. ಕೋಲ್‌ನಿಂದ ಯಾರ್ಕ್‌ಗೆ, ಯಾರ್ಕ್‌ನಿಂದ ಮತ್ತೆ ಕೋಲ್‌ಗೆ, ಒಂದೊಂದೇ ಟಚ್. ಬಾರ್ಸಿಲೋನಾ ಡಿಫೆಂಡರ್‌ಗಳು ಕೊರಳು ತಿರುಗಿಸುವಷ್ಟರಲ್ಲಿ ಗೋಲು. ಒಬ್ಬರ ಮುಖ ಒಬ್ಬರು ನೋಡಿಯೇ ಇಲ್ಲ. ಆ ಪಂದ್ಯದಲ್ಲಿ ಯಾರ್ಕ್ ತಾನೂ ಎರಡು ಹೊಡೆದಿದ್ದ, ಆದರೆ ನಾನು ಮತ್ತೆ ಮತ್ತೆ ನೋಡುವುದು ಅವನು ಹೊಡೆಯದ ಆ ಒಂದು.

ಆ ಸೀಸನ್ ಲೀಗ್‌ನಲ್ಲಿ 18 ಗೋಲು, ಓವನ್ ಮತ್ತು ಹ್ಯಾಸೆಲ್‌ಬೈಂಕ್ ಜೊತೆ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಗೋಲ್ಡನ್ ಬೂಟ್ ಹಂಚಿಕೊಂಡ. ಇಂಟರ್ ಮಿಲಾನ್ ಮೇಲೆ ಬೆಕ್‌ಹ್ಯಾಮ್ ಕ್ರಾಸ್‌ಗೆ ಎರಡು ಹೆಡರ್. ಟ್ಯೂರಿನ್‌ನಲ್ಲಿ ಯುವೆಂಟಸ್ ಎದುರು 2-0 ಹಿಂದೆ ಬಿದ್ದಾಗ ಮೊದಲು ಕೀನ್, ಆಮೇಲೆ ಕೋಲ್ ಕೊಟ್ಟ ಕ್ರಾಸ್‌ಗೆ ಯಾರ್ಕ್ ತಲೆ, 2-2. ಆ ಸೀಸನ್ ಯುನೈಟೆಡ್‌ಗೆ ಮೂರು ಕಪ್ ಬಂದವು. ಆಮೇಲಿನ ವರ್ಷ ಲೀಗ್‌ನಲ್ಲಿ 20 ಗೋಲು, 2001ರ ಫೆಬ್ರುವರಿಯಲ್ಲಿ ಆರ್ಸೆನಲ್‌ಗೆ 6-1, ಅದರಲ್ಲಿ 22 ನಿಮಿಷದೊಳಗೆ ಯಾರ್ಕ್ ಹ್ಯಾಟ್ರಿಕ್. ಅಷ್ಟರಲ್ಲಿ ಹೊಸ ಸ್ಟ್ರೈಕರ್ ವ್ಯಾನ್ ನಿಸ್ಟೆಲ್‌ರೂಯ್ ಬಂದ. ಯಾರ್ಕ್ ಬೆಂಚು ಕಾದ. ಆಮೇಲೆ ಬೇರೆ ಕ್ಲಬ್ಬುಗಳು: ಬ್ಲ್ಯಾಕ್‌ಬರ್ನ್, ಬರ್ಮಿಂಗ್‌ಹ್ಯಾಮ್ ಸಿಟಿ. ಇಳಿಯುವ ದಾರಿ ಅಂದುಕೊಂಡರು ಎಲ್ಲರೂ.

ಈ ಹೊತ್ತಿಗೆ ದೇಶದ ತಂಡ ಏನಾಗಿತ್ತು? ಕೆರಿಬಿಯನ್ ಆಟಗಾರನಿಗೆ ಯಾವಾಗಲೂ ಎರಡು ದೋಣಿ. ಶನಿವಾರ ಮ್ಯಾಂಚೆಸ್ಟರ್‌ನಲ್ಲಿ ಆಡಿ, ಅಟ್ಲಾಂಟಿಕ್ ದಾಟಿ, ಬುಧವಾರ ಮಧ್ಯ ಅಮೆರಿಕದ ಯಾವುದೋ ಊರಿನ ಸೆಕೆಯಲ್ಲಿ ಆಡಿ, ಮತ್ತೆ ದಾಟಿ ವಾಪಸ್ ಬರಬೇಕು. ಕ್ಲಬ್‌ಗೆ ಇದು ಬೇಡ. ಆದರೆ ತಮಾಷೆ ಏನೆಂದರೆ, ಇಂಗ್ಲೆಂಡಿನಲ್ಲಿ ವರ್ಕ್ ಪರ್ಮಿಟ್ ಸಿಗಬೇಕಾದರೆ ಬಹಳ ವರ್ಷ ಇದ್ದ ನಿಯಮ ಹೀಗಿತ್ತು: ಹಿಂದಿನ ಎರಡು ವರ್ಷದಲ್ಲಿ ದೇಶದ ಅಧಿಕೃತ ಪಂದ್ಯಗಳಲ್ಲಿ ಶೇ 75ರಷ್ಟು ಆಡಿರಬೇಕು, ದೇಶ ಫಿಫಾ ಪಟ್ಟಿಯ ಮೊದಲ 70ರೊಳಗೆ ಇರಬೇಕು. ಅಂದರೆ ಬ್ರೆಜಿಲ್‌ನ ಸಾಧಾರಣ ಆಟಗಾರನಿಗೆ ದೇಶದ ರ್‍ಯಾಂಕಿಂಗ್ ಚಿಂತೆಯೇ ಇರಲಿಲ್ಲ, ದ್ವೀಪದಿಂದ ಬಂದ ಒಳ್ಳೆಯ ಆಟಗಾರನಿಗೆ ಅವನ ದೇಶದ ಸೋಲೇ ಗುಂಡಿಯಾಗುತ್ತಿತ್ತು. ಹೋಗದಿದ್ದರೆ ಪರ್ಮಿಟ್ ಕಷ್ಟ, ಹೋದರೆ ಕ್ಲಬ್ ಮುನಿಸು. ಯಾರ್ಕ್ ಕೂಡ ಕೆಲವು ವರ್ಷ ದೇಶದ ತಂಡದಿಂದ ದೂರವೇ ಇದ್ದ. ಅವನಿಲ್ಲದೆ ಗೋಲಿನ ಭಾರ ಹೊತ್ತವನು ಸ್ಟರ್ನ್ ಜಾನ್, ದೇಶಕ್ಕೆ 70 ಗೋಲು, ಯಾರ್ಕ್‌ಗಿಂತ ಎಷ್ಟೋ ಹೆಚ್ಚು. ಹೊರಗಿನವರಿಗೆ ಅವನ ಹೆಸರು ಅಷ್ಟು ಗೊತ್ತಿಲ್ಲದಿರುವುದು ಅನ್ಯಾಯ ಅಂತಲೇ ಅನ್ನಿಸುತ್ತದೆ.

2005ರಲ್ಲಿ ಯಾರ್ಕ್ ಸಿಡ್ನಿಗೆ ಹೋದ. ಆಸ್ಟ್ರೇಲಿಯಾದಲ್ಲಿ ಹೊಸದಾಗಿ ಎ-ಲೀಗ್ ಅನ್ನುವ ಫುಟ್‌ಬಾಲ್ ಲೀಗ್ ಶುರುವಾಗುತ್ತಿತ್ತು, ಜನರನ್ನು ಸೆಳೆಯಲು ಒಂದು ದೊಡ್ಡ ಹೆಸರು ಬೇಕಿತ್ತು. ರಿಟೈರ್ ಆಗುವವರು ಹೋಗುವ ಜಾಗ ಅಂತ ಜನ ಆಡಿಕೊಂಡರು. ಅಲ್ಲೇ ಅವನು ಬೇರೆ ಆಟಗಾರನಾದ, ಮುಂದಿನ ಸಾಲಿನಿಂದ ಮೆಲ್ಲನೆ ಹಿಂದಕ್ಕೆ ಸರಿದು ನಡುಮೈದಾನದಲ್ಲಿ ನಿಂತು ಆಟ ನಡೆಸತೊಡಗಿದ. ಮೊದಲ ಸೀಸನ್ನಿನ ಗ್ರ್ಯಾಂಡ್ ಫೈನಲ್‌ನಲ್ಲಿ ಸಿಡ್ನಿ 1-0 ಗೆದ್ದಿತು. ಗೋಲು ಸ್ಟೀವ್ ಕೊರಿಕಾನದ್ದು. ಚೆಂಡು ಕೊಟ್ಟವನು ಯಾರು ಅಂತ ಹೇಳಬೇಕಾಗಿಲ್ಲ.

ಅದೇ 2005ರಲ್ಲಿ ದೇಶದ ತಂಡ ವಿಶ್ವಕಪ್ ಅರ್ಹತೆಯ ಕೊನೆಯ ಸುತ್ತಿನಲ್ಲಿ ಮುಗ್ಗರಿಸುತ್ತಿತ್ತು. ಮೂರು ಪಂದ್ಯ, ಒಂದೇ ಪಾಯಿಂಟ್. ಕೋಚ್ ಯಾರು? ಬರ್ಟಿಲ್ ಸೇಂಟ್ ಕ್ಲೇರ್, ಯಾರ್ಕ್‌ನನ್ನು ಬೆಳೆಸಿದ ಅದೇ ಮನುಷ್ಯ. ಅವರನ್ನು ತೆಗೆದು ಡಚ್ ಕೋಚ್ ಲಿಯೊ ಬೇನ್‌ಹಾಕರ್‌ರನ್ನು ತಂದರು. ಬೇನ್‌ಹಾಕರ್ ನಾಯಕ ಯಾರ್ಕ್‌ನನ್ನು ಡಿಫೆನ್ಸ್ ಮುಂದೆ, ನಡುವಿನಲ್ಲಿ ನಿಲ್ಲಿಸಿದರು. ಗೋಲು ಹೊಡೆಯುವ ಕೆಲಸ ಬೇರೆಯವರಿಗೆ. ಕೊನೆಯ ಪಂದ್ಯದಲ್ಲಿ ಸ್ಟರ್ನ್ ಜಾನ್ ಎರಡು ಹೊಡೆದು ಮೆಕ್ಸಿಕೊ ಮೇಲೆ 2-1. ನಾಲ್ಕನೇ ಸ್ಥಾನ. ಉಳಿದದ್ದು ಒಂದೇ ಅವಕಾಶ, ಬಹ್ರೇನ್ ಜೊತೆ ಎರಡು ಪಂದ್ಯಗಳ ಪ್ಲೇ ಆಫ್.

ತವರಿನ ಪಂದ್ಯ 1-1. ಗೋಲು ಹೊಡೆದ ಕ್ರಿಸ್ ಬರ್ಚಲ್ ಇಂಗ್ಲೆಂಡಿನಲ್ಲಿ ಹುಟ್ಟಿದ ಬಿಳಿ ಹುಡುಗ, ತಾಯಿ ಹುಟ್ಟಿದ್ದು ಪೋರ್ಟ್ ಆಫ್ ಸ್ಪೇನ್‌ನಲ್ಲಿ. ನವೆಂಬರ್ 16, ಬಹ್ರೇನ್‌ನಲ್ಲಿ ಎರಡನೇ ಪಂದ್ಯ. ದ್ವಿತೀಯಾರ್ಧ ಶುರುವಾಗಿ ನಾಲ್ಕು ನಿಮಿಷ. ಕಾರ್ನರ್. ಯಾರ್ಕ್ ಚೆಂಡಿಟ್ಟು ಒದ್ದ. ಎರಡು ಮೀಟರ್ ಎತ್ತರದ ಡೆನಿಸ್ ಲಾರೆನ್ಸ್, ಆಗ ರೆಕ್ಸಮ್ ಅನ್ನುವ ಸಣ್ಣ ಕ್ಲಬ್ಬಿನ ಡಿಫೆಂಡರ್, ಎಲ್ಲರ ತಲೆ ಮೇಲೆ ತಲೆ ಇಟ್ಟ. 1-0. ಕಲಿಜುರಿಯ ಗೋಲಿಗೆ ಹದಿನಾರು ವರ್ಷ ತುಂಬಲು ಮೂರು ದಿನ ಬಾಕಿ ಇತ್ತು. ಹದಿಮೂರು ಲಕ್ಷ ಜನರ ದೇಶ, ಅಲ್ಲಿವರೆಗೆ ವಿಶ್ವಕಪ್‌ಗೆ ಹೋದವರಲ್ಲೇ ಚಿಕ್ಕದು. ಮಾರನೇ ದಿನ ರಜೆ, ಈ ಸಲ ಗೆದ್ದ ಮೇಲೆ ಕೊಟ್ಟಿದ್ದು.

ಜರ್ಮನಿಯಲ್ಲಿ ನಡೆದ ಆ 2006ರ ವಿಶ್ವಕಪ್ಪಿನ ಕಥೆ ಚಿಕ್ಕದು. ಡಾರ್ಟ್‌ಮಂಡ್‌ನಲ್ಲಿ ಸ್ವೀಡನ್ ಎದುರು ಅರ್ಧ ಪಂದ್ಯ ಹತ್ತೇ ಜನ ಆಡಿ 0-0. ವಾರ್ಮ್ ಅಪ್‌ನಲ್ಲಿ ಗೋಲ್‌ಕೀಪರ್‌ಗೆ ಪೆಟ್ಟಾಗಿ ಕೊನೆಗಳಿಗೆಯಲ್ಲಿ ಇಳಿದ ಶಾಕಾ ಹಿಸ್ಲಾಪ್ ಗೋಡೆಯಾದ, ಬದಲಿಯಾಗಿ ಬಂದ ಕಾರ್ನೆಲ್ ಗ್ಲೆನ್ ಕ್ರಾಸ್‌ಬಾರ್‌ಗೆ ಬಾರಿಸಿದ. ಇಂಗ್ಲೆಂಡ್ 83ನೇ ನಿಮಿಷದ ತನಕ ಗೋಲು ಕಾಣಲಿಲ್ಲ. ಕಂಡಾಗಲೂ ಪೀಟರ್ ಕ್ರೌಚ್ ಡಿಫೆಂಡರ್ ಬ್ರೆಂಟ್ ಸಾಂಚೊನ ಜಡೆ ಎಳೆದೇ ಮೇಲೆ ಹಾರಿದ್ದು, ಫೋಟೊ ಇದೆ. ಮೂರು ಪಂದ್ಯ, ಸೊನ್ನೆ ಗೋಲು. ಆಮೇಲೆ ಬೋನಸ್ ಜಗಳ: ದೇಶದ ಫುಟ್‌ಬಾಲ್ ಫೆಡರೇಷನ್ ತಲಾ ಆರು ಸಾವಿರ ಸ್ಥಳೀಯ ಡಾಲರ್‌ಗೂ ಕಡಿಮೆ ಕೊಡಲು ಬಂತು, ಹಲವು ಆಟಗಾರರು ಲಂಡನ್‌ನಲ್ಲಿ ಪಂಚಾಯಿತಿಗೆ ಹೋದರು, 2008ರಲ್ಲಿ ತೀರ್ಪು ಆಟಗಾರರ ಪರ ಬಂತು.

ಬಾರ್‌ಗೆ ಬಾರಿಸಿದ ಆ ಗ್ಲೆನ್ ಆಮೇಲೆ ಎಲ್ಲಿ ಸಿಕ್ಕ ಗೊತ್ತಾ? ನಮ್ಮ ಶಿಲ್ಲಾಂಗ್‌ನಲ್ಲಿ. ಲಾಜಾಂಗ್, ನಾರ್ತ್ ಈಸ್ಟ್ ಯುನೈಟೆಡ್, ಮೋಹನ್ ಬಾಗಾನ್‌ಗೆಲ್ಲ ಆಡಿದ. ಅದೇ ವಿಶ್ವಕಪ್ ತಂಡದ ಆಂಥನಿ ವುಲ್ಫ್ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಬಂದ. ನಮ್ಮ ಬೆಂಗಳೂರು ಎಫ್‌ಸಿಗೂ ಕೆರಿಬಿಯನ್ ಕಡೆಯವನು ಒಬ್ಬ ಸಿಕ್ಕ, ಜಮೈಕಾದ ಡೆಶಾರ್ನ್ ಬ್ರೌನ್, ಅಮೆರಿಕ, ನಾರ್ವೆ, ಚೀನಾ ಸುತ್ತಿ 2020ರಲ್ಲಿ ಬಂದವನು. ಒಂದು ವರ್ಷದಲ್ಲಿ ನಾರ್ತ್ ಈಸ್ಟ್‌ಗೆ ಹೋದ. ಯಾರ್ಕ್‌ನದ್ದು ಮೇಲಿನ ಮಹಡಿ, ಇವರದ್ದು ಕೆಳಗಿನ ಮಹಡಿ. ಏಣಿ ಮಾತ್ರ ಒಂದೇ: ಒಂದು ಟ್ರಯಲ್, ಒಂದು ಪರ್ಮಿಟ್, ಒಂದು ಸೀಸನ್ನಿನ ಕಾಂಟ್ರಾಕ್ಟ್, ಮತ್ತೆ ಸೂಟ್‌ಕೇಸ್.

ಯಾರ್ಕ್ ಸಂಡರ್‌ಲ್ಯಾಂಡ್‌ನಲ್ಲಿ, ಮ್ಯಾನೇಜರ್ ಆಗಿದ್ದ ಹಳೆಯ ಜೊತೆಗಾರ ಕೀನ್ ಕೈಕೆಳಗೆ ಆಡಿ 2009ರಲ್ಲಿ ನಿಲ್ಲಿಸಿದ. ಕೋಚ್ ಆಗಿ ಆಸ್ಟ್ರೇಲಿಯಾದ ಮಕಾರ್ಥರ್ ತಂಡಕ್ಕೆ 2022ರಲ್ಲಿ ಕಪ್ ಗೆಲ್ಲಿಸಿದ. 2024ರ ನವೆಂಬರ್‌ನಲ್ಲಿ ದೇಶದ ಕೋಚ್ ಆದ. 2026ರ ವಿಶ್ವಕಪ್‌ಗೆ ಕರೆದೊಯ್ಯುವುದು ಕೆಲಸ, ಆಗಲಿಲ್ಲ. ಅವರ ಗುಂಪಿನಿಂದ ಹೋದದ್ದು ಇನ್ನೊಂದು ಕೆರಿಬಿಯನ್ ದ್ವೀಪ ಕುರಸಾವೊ, ಜನಸಂಖ್ಯೆ ಒಂದೂವರೆ ಲಕ್ಷ, ಟ್ರಿನಿಡಾಡ್‌ನ ಹಳೆಯ ದಾಖಲೆಯ ಪಕ್ಕ ಇಟ್ಟರೆ ನಗು ಬರುವಷ್ಟು ಚಿಕ್ಕದು. ಆ ತಂಡದ ಹೆಚ್ಚಿನವರು ಹುಟ್ಟಿದ್ದೇ ನೆದರ್‌ಲ್ಯಾಂಡ್ಸ್‌ನಲ್ಲಿ. ಅದೇ ರಾತ್ರಿ, 2025ರ ನವೆಂಬರ್ 18ರಂದು, ಹೈಟಿಯೂ 1974ರ ನಂತರ ಮೊದಲ ಸಲ ಅರ್ಹತೆ ಪಡೆಯಿತು. ಹೈಟಿಯ ಮುಖ್ಯ ಸ್ಟ್ರೈಕರ್ ಡಕನ್ಸ್ ನಾಜೊನ್ ಹುಟ್ಟಿದ್ದು ಪ್ಯಾರಿಸ್ ಪಕ್ಕದಲ್ಲಿ, 2016ರಲ್ಲಿ ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ಹಳದಿ ಜೆರ್ಸಿ ಹಾಕಿ ಆಡಿದವನು. ಹೈಟಿಯೊಳಗೆ ಗ್ಯಾಂಗ್‌ಗಳ ಗುಂಡಿನ ಕಾಟ, ಹಾಗಾಗಿ ಹೈಟಿ ತನ್ನ ‘ತವರಿನ’ ಪಂದ್ಯಗಳನ್ನು ಆಡಿದ್ದು ಕುರಸಾವೊದಲ್ಲಿ.