ಗೇಟಿನಲ್ಲಿ ನಿಂತವನ ಮುಖ ಕಾಣಬೇಕಾದರೆ ಯಾವ ಕ್ಯಾಮೆರಾ?

ಪ್ರಶ್ನೆ: ಕಲಬುರಗಿಯ ಸೇಡಂ ರಸ್ತೆಯ ಬಡಾವಣೆಯೊಂದರಲ್ಲಿ ನಮ್ಮ ಮನೆ ಇದೆ. ಎಂಟು ವರ್ಷಗಳ ಹಿಂದೆ ದೃಶ್ಯ ದಾಖಲಿಸುವ ಡಿವಿಆರ್ ಜೊತೆಗೆ 2 ಮೆಗಾಪಿಕ್ಸೆಲ್‌ನ ನಾಲ್ಕು ಕ್ಯಾಮೆರಾ ಹಾಕಿಸಿದ್ದೆವು. ಹಗಲಿನಲ್ಲಿ ಪರವಾಗಿಲ್ಲ. ರಾತ್ರಿ ಯಾರು ಬಂದು ಹೋದರೆಂದು ತಿಳಿಯುವುದೇ ಇಲ್ಲ. ಒಂದು ಕ್ಯಾಮೆರಾ ಕತ್ತಲಾದ ಕೂಡಲೇ ಆರಿ ಹೋಗುತ್ತದೆ. ಮಗ ಪುಣೆಯಲ್ಲಿದ್ದಾನೆ. ಬೇಸಿಗೆ ಬಂತೆಂದರೆ ನಾವಿಬ್ಬರೂ ಮನೆಗೆ ಬೀಗ ಹಾಕಿ ಎರಡು ಮೂರು ತಿಂಗಳು ಅಲ್ಲಿಯೇ ಇರುತ್ತೇವೆ. ಅಂಗಡಿಯವರು ಹಳೆಯದನ್ನೆಲ್ಲ ಕಿತ್ತು 8 ಮೆಗಾಪಿಕ್ಸೆಲ್‌ನ ನಾಲ್ಕು ಕ್ಯಾಮೆರಾ ಹಾಕಿಸಿ ಎನ್ನುತ್ತಾರೆ. ಅಷ್ಟು ಬೇಕೇ? ಯಾವುದನ್ನು ಕೊಳ್ಳಬೇಕು?

ಉತ್ತರ: ಅಷ್ಟು ಬೇಡ. ನಿಮ್ಮ ಮನೆಗೆ ಈಗ ಬೇಕಾಗಿರುವುದು ಗೇಟಿನ ಕಡೆಗೆ ಸರಿಯಾದ ಲೆನ್ಸ್ ಇರುವ ಒಂದು ಒಳ್ಳೆಯ ಕ್ಯಾಮೆರಾ. ಅದನ್ನು ಸರಿಯಾದ ಎತ್ತರದಲ್ಲಿ ಕೂರಿಸಬೇಕು, ಗೇಟಿಗೊಂದು ದೀಪ ಹಾಕಬೇಕು. ಉಳಿದ ಮೂರು ಸದ್ಯಕ್ಕೆ ಹಾಗೆಯೇ ಇರಲಿ.

ಇದನ್ನು ನಾನು ಅಕ್ಕನ ಮನೆಯಲ್ಲಿ ಕಲಿತೆ. ಅಲ್ಲಿ ಅಂಗಳದಿಂದ ಭಾವನವರ ಬೈಕ್ ಕಳುವಾಯಿತು. ಮನೆಗೆ ನಾಲ್ಕು ಕ್ಯಾಮೆರಾಗಳಿದ್ದವು, ನಾಲ್ಕೂ ಕೆಲಸ ಮಾಡುತ್ತಿದ್ದವು. ದೃಶ್ಯವನ್ನು ತೆಗೆದು ನೋಡಿದರೆ ಒಬ್ಬ ಬರುತ್ತಾನೆ, ಬೈಕಿನ ಬಳಿ ಬಗ್ಗುತ್ತಾನೆ, ತಳ್ಳಿಕೊಂಡು ಹೋಗುತ್ತಾನೆ. ಕಾಣುವುದು ಅವನ ಟೊಪ್ಪಿಗೆ ಮತ್ತು ಹೆಗಲು ಮಾತ್ರ. ಕ್ಯಾಮೆರಾವನ್ನು ಮಾಳಿಗೆಯ ಅಂಚಿನಲ್ಲಿ, ನೆಲದಿಂದ ಹದಿನಾಲ್ಕು ಅಡಿ ಮೇಲೆ ಕೂರಿಸಿದ್ದರು. ಮೇಲಾಗಿ ಡಿವಿಆರ್‌ನ ಗಡಿಯಾರ ಒಂದು ಗಂಟೆಗೂ ಹೆಚ್ಚು ಹಿಂದಿತ್ತು, ಹಾಗಾಗಿ ಆ ಎರಡು ನಿಮಿಷ ಸಿಗಲು ಅರ್ಧ ದಿನ ಹಿಡಿಯಿತು. ಕಳುವನ್ನು ಕ್ಯಾಮೆರಾ ಪೂರ್ತಿಯಾಗಿ ನೋಡಿತ್ತು, ಕಳ್ಳನನ್ನು ಮಾತ್ರ ನೋಡಿರಲಿಲ್ಲ. ಆ ಮೇಲೆ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಮೆಗಾಪಿಕ್ಸೆಲ್ ಕೇಳುವ ಮೊದಲು ಟೇಪು ಹಿಡಿದು ಗೇಟಿನವರೆಗೆ ಅಳೆಯಿರಿ.

ಅಳತೆ ಏಕೆ ಬೇಕು? ಭದ್ರತಾ ಕ್ಯಾಮೆರಾಗಳಿಗೆ ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರಿಂದ ಬಂದು ವರ್ಷಗಳಿಂದ ಬಳಕೆಯಲ್ಲಿರುವ ಲೆಕ್ಕ ಸರಳವಾಗಿದೆ. ವ್ಯಕ್ತಿ ನಿಂತ ಜಾಗದಲ್ಲಿ ಒಂದು ಮೀಟರ್ ಅಗಲದ ದೃಶ್ಯಕ್ಕೆ ಚಿತ್ರದ ಎಷ್ಟು ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳು, ಸಿಗುತ್ತವೆ ಎಂದು ನೋಡಬೇಕು. 25 ಸಿಕ್ಕರೆ ಅಲ್ಲಿ ಯಾರೋ ಇದ್ದಾರೆ ಎಂದು ತಿಳಿಯುತ್ತದೆ. 125 ಸಿಕ್ಕರೆ ಮೊದಲೇ ಪರಿಚಯವಿದ್ದವನನ್ನು ಗುರುತು ಹಿಡಿಯಬಹುದು. ಗುರುತಿಲ್ಲದವನ ಮುಖ ಇಂಥದ್ದೇ ಎಂದು ಸ್ಪಷ್ಟವಾಗಿ ಹೇಳಲು 250 ಬೇಕು. ನಿಮ್ಮ ಮನೆಗೆ ಬರುವ ಕಳ್ಳ ಬಹುಮಟ್ಟಿಗೆ ಗುರುತಿಲ್ಲದವನು, ಆದ್ದರಿಂದ ಗೇಟಿನಲ್ಲಿ 250ರ ಲೆಕ್ಕವನ್ನೇ ಹಿಡಿಯೋಣ.

2 ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಚುಕ್ಕೆ. ಅದನ್ನು 250ರಿಂದ ಭಾಗಿಸಿದರೆ ಸುಮಾರು ಏಳೂವರೆ ಮೀಟರ್. ದೃಶ್ಯದ ಅಗಲ ಅದಕ್ಕಿಂತ ಹೆಚ್ಚಾದಲ್ಲೆಲ್ಲ ಮುಖ ಕರಗಲು ತೊಡಗುತ್ತದೆ. ಮನೆಗಳಿಗೆ ಸಾಮಾನ್ಯವಾಗಿ ಹಾಕುವ 2.8 ಮಿ.ಮೀ. ಲೆನ್ಸ್ ನೂರು ಡಿಗ್ರಿಗೂ ಹೆಚ್ಚು ಅಗಲವಾಗಿ ನೋಡುತ್ತದೆ. ಟಿವಿಯ ಮೇಲೆ ಅಂಗಳ, ಗೇಟು, ಓಣಿ, ಎದುರು ಮನೆ ಎಲ್ಲವೂ ಒಟ್ಟಿಗೆ ಕಾಣುವುದರಿಂದ ನೋಡಿದವರಿಗೆ ಸಂತೋಷವಾಗುತ್ತದೆ. ಆದರೆ ಆ ಲೆನ್ಸಿನಲ್ಲಿ 2 ಮೆಗಾಪಿಕ್ಸೆಲ್ ಕ್ಯಾಮೆರಾ ಮುಖವನ್ನು ಸ್ಪಷ್ಟವಾಗಿ ಹಿಡಿಯುವುದು ಸುಮಾರು ಹತ್ತು ಅಡಿ ದೂರದವರೆಗೆ ಮಾತ್ರ. ಅದೇ ಲೆನ್ಸಿನ 8 ಮೆಗಾಪಿಕ್ಸೆಲ್ ಕ್ಯಾಮೆರಾ ಹೆಚ್ಚೆಂದರೆ ಇಪ್ಪತ್ತು ಅಡಿಯವರೆಗೆ ಹಿಡಿಯುತ್ತದೆ. ಈಗ ಲೆನ್ಸನ್ನು ಬದಲಿಸಿ ನೋಡಿ. ಸುಮಾರು 50 ಡಿಗ್ರಿಯಷ್ಟೇ ಅಗಲ ನೋಡುವ 6 ಮಿ.ಮೀ. ಲೆನ್ಸ್ ಇದ್ದರೆ ನಿಮ್ಮ ಹಳೆಯ 2 ಮೆಗಾಪಿಕ್ಸೆಲ್ ಕ್ಯಾಮೆರಾವೇ ಇಪ್ಪತ್ತೈದು ಅಡಿ ದೂರದ ಮುಖವನ್ನು ಹಿಡಿಯಬಲ್ಲದು. ನಾಲ್ಕು ಪಟ್ಟು ಚುಕ್ಕೆಗಳಿಗೆ ಹಣ ಕೊಟ್ಟರೂ ಆಗದ ಕೆಲಸ ಸರಿಯಾದ ಲೆನ್ಸಿನಿಂದ ಆಗುತ್ತದೆ. ಈ ಮಾತನ್ನು ಅಂಗಡಿಯಲ್ಲಿ ಬಹಳ ಮಂದಿ ಹೇಳುವುದಿಲ್ಲ, ನಮ್ಮ ಕಡೆಯಿಂದಲೂ ಯಾರೂ ಕೇಳುವುದಿಲ್ಲ.

ನಮ್ಮ ಬಡಾವಣೆಗಳಲ್ಲಿ ಪೋರ್ಟಿಕೊದಿಂದ ಗೇಟಿಗೆ ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತು ಅಡಿ ಇರುತ್ತದೆ. ಅಷ್ಟು ದೂರಕ್ಕೆ 4 ಮೆಗಾಪಿಕ್ಸೆಲ್, 4 ಮಿ.ಮೀ. ಲೆನ್ಸಿನ ಕ್ಯಾಮೆರಾ ಸರಿಹೊಂದುತ್ತದೆ. ಗೇಟು ಇನ್ನೂ ದೂರವಿದ್ದರೆ 6 ಮಿ.ಮೀ. ಕೇಳಿ. ಅಳತೆ ಖಚಿತವಿಲ್ಲದಿದ್ದರೆ ಲೆನ್ಸನ್ನು ಹಿಂದೆ ಮುಂದೆ ಹೊಂದಿಸಬಹುದಾದ ವೇರಿಫೋಕಲ್ ಕ್ಯಾಮೆರಾ ಸಿಗುತ್ತದೆ. ಬೆಲೆ ಹೆಚ್ಚು, ಆದರೆ ಗೇಟಿನ ಒಂದು ಕ್ಯಾಮೆರಾಕ್ಕೆ ಆ ಹಣ ದಂಡವಲ್ಲ. ಎತ್ತರ ಎಂಟರಿಂದ ಹತ್ತು ಅಡಿ ಸಾಕು. ಕೈಗೆ ಸಿಗುತ್ತದೆ, ಮುರಿದುಬಿಡುತ್ತಾರೆ ಎಂಬ ಹೆದರಿಕೆಗೆ ಮಾಳಿಗೆಯವರೆಗೆ ಏರಿಸಬೇಡಿ. ಮುರಿಯಲು ಬಂದವನ ಮುಖವೂ ಮುರಿಯುವ ಮೊದಲು ದಾಖಲಾಗಿರುತ್ತದೆ.

ಇನ್ನು ರಾತ್ರಿಯ ಮಾತು. ಕತ್ತಲಲ್ಲಿ ಕ್ಯಾಮೆರಾಕ್ಕೆ ಬೆಳಕು ಸಾಲದಿದ್ದಾಗ ಅದು ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿಡುತ್ತದೆ. ಅಷ್ಟರಲ್ಲಿ ಮನುಷ್ಯ ಒಂದು ಹೆಜ್ಜೆ ಇಟ್ಟಿರುತ್ತಾನೆ, ಮುಖ ಎಳೆದ ಬಣ್ಣದಂತೆ ಹರಡುತ್ತದೆ. ಇಲ್ಲಿ ಚುಕ್ಕೆಗಳ ಸಂಖ್ಯೆಗಿಂತ ಮುಖ್ಯವಾದುದು ಬೆಳಕು ಹಿಡಿಯುವ ಸೆನ್ಸರ್‌ನ ಗಾತ್ರ ಮತ್ತು ಲೆನ್ಸಿನ ಬಾಯಿ. ಸಣ್ಣ ಸೆನ್ಸರ್ ಮೇಲೆ 8 ಮೆಗಾಪಿಕ್ಸೆಲ್ ತುಂಬಿದರೆ ಪ್ರತಿ ಚುಕ್ಕೆಗೂ ಸಿಗುವ ಬೆಳಕು ಕಡಿಮೆಯಾಗುತ್ತದೆ. ಒಂದೇ ಬೆಲೆಗೆ ಒಂದರಲ್ಲಿ 1/2.8 ಇಂಚಿನ ಸೆನ್ಸರ್ ಜೊತೆ 8 ಮೆಗಾಪಿಕ್ಸೆಲ್, ಇನ್ನೊಂದರಲ್ಲಿ 1/1.8 ಇಂಚಿನ ಸೆನ್ಸರ್ ಜೊತೆ 4 ಮೆಗಾಪಿಕ್ಸೆಲ್ ಇದ್ದರೆ ಕಣ್ಣು ಮುಚ್ಚಿ ಎರಡನೆಯದನ್ನು ಆರಿಸಿ. ಲೆನ್ಸಿನ ಎಫ್ ಸಂಖ್ಯೆ 1.0 ಅಥವಾ 1.6 ಎಂದು ಬರೆದಿರುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು. ಇವೆಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಗೇಟಿನ ಕಂಬಕ್ಕೆ ರಾತ್ರಿಯಿಡೀ ಉರಿಯುವ 9 ವ್ಯಾಟ್‌ನ ಎಲ್‌ಇಡಿ ಬಲ್ಬ್. ಅದು ಕ್ಯಾಮೆರಾದ ಕಣ್ಣಿಗೆ ನೇರವಾಗಿ ಹೊಡೆಯದಂತೆ, ಬಂದವನ ಮುಖದ ಮೇಲೆ ಬೀಳುವಂತೆ ಇರಲಿ.

ಹಗಲಿಗೂ ನಮ್ಮ ಊರಿನದೇ ಒಂದು ತೊಡಕಿದೆ. ಅಂಗಳಕ್ಕೆ ಹಾಸಿದ ಶಹಾಬಾದ್ ಫರ್ಶಿ ಮಧ್ಯಾಹ್ನದ ಬಿಸಿಲನ್ನು ಕಣ್ಣು ಕುಕ್ಕುವಂತೆ ಹಿಂದಕ್ಕೆ ಎಸೆಯುತ್ತದೆ, ಪೋರ್ಟಿಕೊದ ನೆರಳಿನಲ್ಲಿ ನಿಂತವರು ಕಪ್ಪು ಬೊಂಬೆಗಳಂತೆ ಕಾಣುತ್ತಾರೆ. ಇದನ್ನು ಸರಿದೂಗಿಸಲು ಡಬ್ಲ್ಯುಡಿಆರ್ ಇರುವ ಕ್ಯಾಮೆರಾ ಬೇಕು. ಪೆಟ್ಟಿಗೆಯ ಮೇಲೆ 120 ಡಿಬಿ ಎಂದಿದ್ದರೆ ನಂಬಬಹುದು. ಡಿಡಬ್ಲ್ಯುಡಿಆರ್ ಎಂದಿದ್ದರೆ ಅದು ಚಿತ್ರ ತೆಗೆದ ಮೇಲೆ ಮಾಡುವ ತಿದ್ದುಪಡಿ, ನಮ್ಮ ಬಿಸಿಲಿಗೆ ಸಾಲದು.

ಕತ್ತಲಾದ ಕೂಡಲೇ ಆರುವ ಆ ಕ್ಯಾಮೆರಾ ಸತ್ತಿಲ್ಲದಿರಬಹುದು. ರಾತ್ರಿ ಅದರೊಳಗಿನ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡಾಗ ಅದು ಎಳೆಯುವ ಕರೆಂಟ್ ಹೆಚ್ಚುತ್ತದೆ. ವೈರ್ ತೆಳುವಾಗಿದ್ದರೆ, ಜೋಡಣೆ ತುಕ್ಕು ಹಿಡಿದಿದ್ದರೆ, ಅಥವಾ ಕ್ಯಾಮೆರಾಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಹಳೆಯದಾಗಿದ್ದರೆ ವೋಲ್ಟೇಜ್ ಕುಸಿದು ಕ್ಯಾಮೆರಾ ಕಣ್ಣು ಮುಚ್ಚುತ್ತದೆ. ರಾತ್ರಿ ಹೊತ್ತು ಕ್ಯಾಮೆರಾದ ತುದಿಯಲ್ಲಿ ಮೀಟರ್ ಹಿಡಿದು ನೋಡಿಸಿ. 12 ವೋಲ್ಟ್ ಇರಬೇಕಾದಲ್ಲಿ 10ರ ಹತ್ತಿರಕ್ಕೆ ಇಳಿದಿದ್ದರೆ ಕಾಯಿಲೆ ವೈರಿನಲ್ಲಿದೆ ಅಥವಾ ಎಸ್‌ಎಂಪಿಎಸ್‌ನಲ್ಲಿದೆ. ಕ್ಯಾಮೆರಾ ಬದಲಿಸಿದರೆ ಹೊಸದೂ ಹಾಗೆಯೇ ಆರುತ್ತದೆ. ಇಷ್ಟು ಸಣ್ಣ ದುರಸ್ತಿಗೆ ಬದಲಾಗಿ ಇಡೀ ವ್ಯವಸ್ಥೆಯನ್ನೇ ಕಿತ್ತುಹಾಕಿದ ಮನೆಗಳನ್ನು ನಾನು ಕಂಡಿದ್ದೇನೆ, ನೋವಾಗುತ್ತದೆ.

ಚಿತ್ರವನ್ನೂ ವಿದ್ಯುತ್ತನ್ನೂ ಒಯ್ಯುವ, ಗೋಡೆಯೊಳಗಿನ 3+1 ಕೇಬಲ್ ಚೆನ್ನಾಗಿದ್ದರೆ ಅದರಲ್ಲಿ 5 ಮೆಗಾಪಿಕ್ಸೆಲ್‌ನವರೆಗಿನ ಎಚ್‌ಡಿ ಅನಲಾಗ್ ಕ್ಯಾಮೆರಾ ಓಡಿಸಬಹುದು. ತಡೆ ಬರುವುದು ಡಿವಿಆರ್‌ನಿಂದ. ಎಂಟು ವರ್ಷದ ಹಿಂದಿನದು 2 ಮೆಗಾಪಿಕ್ಸೆಲ್‌ಗಿಂತ ಹೆಚ್ಚಿನದನ್ನು ಒಪ್ಪದೇ ಇರಬಹುದು. ಹಾಗಿದ್ದರೆ ಡಿವಿಆರ್ ಜಾಗಕ್ಕೆ ಎಕ್ಸ್‌ವಿಆರ್ ತನ್ನಿ. ಹಳೆಯ ಅನಲಾಗ್ ಕ್ಯಾಮೆರಾಗಳನ್ನೂ ನೆಟ್‌ವರ್ಕ್ ಕೇಬಲ್‌ನಲ್ಲಿ ಚಿತ್ರ ಕಳಿಸುವ ಹೊಸ ಐಪಿ ಕ್ಯಾಮೆರಾವನ್ನೂ ಅದು ಒಟ್ಟಿಗೆ ನಡೆಸುತ್ತದೆ. ಗೇಟಿನ ಕಡೆಗೆ ಹೊಸ ವೈರ್ ಎಳೆಯಲೇಬೇಕಾದರೆ ಐಪಿ ಕ್ಯಾಮೆರಾ ಮೇಲು. ಒಂದೇ ಕ್ಯಾಟ್-6 ಕೇಬಲ್‌ನಲ್ಲಿ ಚಿತ್ರವೂ ವಿದ್ಯುತ್ತೂ ಹೋಗುತ್ತವೆ. ಆ ಕೇಬಲ್‌ಗೆ ವಿದ್ಯುತ್ ಕೊಡುವ ಪಿಒಇ ಸ್ವಿಚ್ ಒಂದಿದ್ದರೆ 100 ಮೀಟರ್‌ವರೆಗೆ ಚಿಂತೆಯಿಲ್ಲ. ಕೇಬಲ್ ಶುದ್ಧ ತಾಮ್ರದ್ದೇ ಆಗಿರಲಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಗುತ್ತದೆ, ಅದನ್ನು ಒಳಗೆ ಬಿಡಬೇಡಿ. ವೈ-ಫೈ ಕ್ಯಾಮೆರಾ ಒಳಕೋಣೆಗೆ ಸರಿ, ತಿಂಗಳುಗಟ್ಟಲೆ ಬೀಗ ಹಾಕುವ ಮನೆಯ ಗೇಟಿಗೆ ಬೇಡ.

ಅಂಗಡಿಯವರು ಹೇಳಿದ ನಾಲ್ಕು 8 ಮೆಗಾಪಿಕ್ಸೆಲ್ ಕ್ಯಾಮೆರಾಗಳ ಇನ್ನೊಂದು ಖರ್ಚು ಹಾರ್ಡ್ ಡಿಸ್ಕಿನಲ್ಲಿ ಅಡಗಿದೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಇಡೀ ದಿನ ಬರೆದರೆ 21.6 ಜಿಬಿ ಆಗುತ್ತದೆ. ದೃಶ್ಯವನ್ನು ಕುಗ್ಗಿಸಿ ಬರೆಯುವ ಎಚ್.265 ವಿಧಾನದಲ್ಲಿ 2 ಮೆಗಾಪಿಕ್ಸೆಲ್‌ಗೆ ಅಷ್ಟು, 4ಕ್ಕೆ ಅದರ ಎರಡರಷ್ಟು, 8ಕ್ಕೆ ನಾಲ್ಕರಷ್ಟು ಎಂದು ಹಿಡಿಯಿರಿ. ಗೇಟಿಗೊಂದು 4 ಮೆಗಾಪಿಕ್ಸೆಲ್, ಉಳಿದ ಮೂರು ಹಳೆಯವು ಎಂದರೆ ದಿನಕ್ಕೆ ಸುಮಾರು 108 ಜಿಬಿ. 2 ಟಿಬಿ ಡಿಸ್ಕಿನಲ್ಲಿ ಹದಿನೆಂಟು ದಿನ ಉಳಿಯುತ್ತದೆ. ನಾಲ್ಕೂ 8 ಮೆಗಾಪಿಕ್ಸೆಲ್ ಆದರೆ ಅದೇ ಡಿಸ್ಕಿನಲ್ಲಿ ಆರು ದಿನವೂ ಉಳಿಯುವುದಿಲ್ಲ. ನೀವು ಪುಣೆಯಿಂದ ಬಂದು ಬಾಗಿಲು ತೆರೆಯುವಷ್ಟರಲ್ಲಿ ಬೇಕಾದ ದಿನದ ದೃಶ್ಯ ಅಳಿಸಿ ಹೋಗಿರುತ್ತದೆ. ಡಿಸ್ಕನ್ನು ಕೊಳ್ಳುವಾಗ ಕಂಪ್ಯೂಟರಿನದು ಬೇಡ, ಸಿಸಿಟಿವಿಗೆಂದೇ ಮಾಡಿದ್ದನ್ನು ಕೇಳಿ. ಮನುಷ್ಯರನ್ನು ಗುರುತಿಸಿ ಮೊಬೈಲ್‌ಗೆ ಎಚ್ಚರಿಕೆ ಕಳಿಸುವ ಸೌಲಭ್ಯ ಗೇಟಿನ ಕ್ಯಾಮೆರಾದಲ್ಲಿ ಇದ್ದರೆ ಒಳ್ಳೆಯದು. ಎಲೆ ಅಲುಗಿದ್ದಕ್ಕೆ, ನಾಯಿ ಓಡಿದ್ದಕ್ಕೆಲ್ಲ ಮೊಬೈಲ್ ಕೂಗಿದರೆ ವಾರದಲ್ಲಿಯೇ ನೀವು ಅದನ್ನು ನೋಡುವುದು ಬಿಟ್ಟುಬಿಡುತ್ತೀರಿ.

ನೀವು ಮನೆ ಬಿಡುವುದು ಬೇಸಿಗೆಯಲ್ಲಿ ಎಂದು ಬರೆದಿದ್ದೀರಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ದಾಟುತ್ತದೆ, ಪಡುವಣ ಗೋಡೆಯ ಮೇಲಿನ ಕ್ಯಾಮೆರಾದ ಮೈ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಆದ್ದರಿಂದ 50 ಡಿಗ್ರಿಯವರೆಗಿನದನ್ನು ಬಿಟ್ಟು 60 ಡಿಗ್ರಿ ತಾಳುವ, ಧೂಳು ನೀರು ಒಳಹೋಗದ ಐಪಿ67 ಗುರುತಿನ ಕ್ಯಾಮೆರಾ ಕೊಳ್ಳಿ, ಸಜ್ಜಾದ ಕೆಳಗೆ ಹಾಕಿಸಿ. ಎಕ್ಸ್‌ವಿಆರ್ ಅನ್ನು ಅಟ್ಟದ ಮೇಲೆ ಅಥವಾ ಮುಚ್ಚಿದ ಕಪಾಟಿನಲ್ಲಿ ಇಡಬೇಡಿ. ಕಿಟಕಿ ಬಾಗಿಲು ಮುಚ್ಚಿದ ಮನೆಯಲ್ಲಿ, ಕಾದ ಮಾಳಿಗೆಯ ಕೆಳಗೆ, ಹಾರ್ಡ್ ಡಿಸ್ಕ್ ಬೇಗ ಸಾಯುತ್ತದೆ. ನಡುಮನೆಯ ಒಳಗೋಡೆಗೆ, ಗಾಳಿಯಾಡುವಂತೆ ಇರಲಿ. ಅದನ್ನೂ ಇಂಟರ್ನೆಟ್ ರೌಟರನ್ನೂ ಇನ್ವರ್ಟರ್‌ಗೆ ಸೇರಿಸಿ, ಏಕೆಂದರೆ ಕರೆಂಟ್ ಹೋದಾಗ ರೌಟರ್ ಆರಿದರೆ ಪುಣೆಗೆ ಏನೂ ಕಾಣುವುದಿಲ್ಲ. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲು ನಿಮಗೆ ಗೊತ್ತೇ ಇದೆ. ಮನೆಯ ಅರ್ಥಿಂಗ್ ಪರೀಕ್ಷಿಸಿ, ಸರ್ಜ್ ಪ್ರೊಟೆಕ್ಟರ್ ಹಾಕಿಸಿ.

ಧೂಳಿಗೆ ಐಪಿ67 ಪೂರ್ತಿ ಉತ್ತರವಲ್ಲ. ಅದು ಧೂಳು ಒಳಗೆ ಹೋಗದಂತೆ ತಡೆಯುತ್ತದೆ, ಗಾಜಿನ ಮೇಲೆ ಕೂರದಂತೆ ತಡೆಯಲಾರದು. ತೊಗರಿ ರಾಶಿಯ ಕಾಲದಲ್ಲಂತೂ ಹದಿನೈದು ದಿನದಲ್ಲಿ ಪದರು ಕಟ್ಟುತ್ತದೆ. ರಾತ್ರಿ ಇನ್‌ಫ್ರಾರೆಡ್ ಬೆಳಕು ಆ ಧೂಳಿಗೂ ಜೇಡರ ಬಲೆಗೂ ತಾಗಿ ಮರಳಿ, ಪರದೆ ಪೂರ್ತಿ ಬಿಳಿಚಿಕೊಳ್ಳುತ್ತದೆ. ಒದ್ದೆ ಮೆದು ಬಟ್ಟೆಯಲ್ಲಿ ಒರೆಸಿ. ಒಣಬಟ್ಟೆಯಲ್ಲಿ ಉಜ್ಜಿದರೆ ಧೂಳು ಗಾಜನ್ನು ಗೀರಬಹುದು.

ಕಂಪನಿಯ ಹೆಸರನ್ನು ನಾನು ಹೇಳುವುದಿಲ್ಲ, ಒಂದು ಕಟ್ಟುನಿಟ್ಟು ಮಾತ್ರ ಹೇಳುತ್ತೇನೆ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಹೊಸ ಭದ್ರತಾ ನಿಯಮಗಳನ್ನು ಹೊರಡಿಸಿತು. ಅವು 2025ರ ಏಪ್ರಿಲ್ 9ರಿಂದ ಜಾರಿಗೆ ಬಂದವು. ಆ ಪರೀಕ್ಷೆಯಲ್ಲಿ ಉತ್ತೀರ್ಣವಾದ ಮಾದರಿಯೇ ಎಂದು ಕೇಳಿ, ಬಿಲ್‌ನಲ್ಲಿ ಮಾದರಿ ಸಂಖ್ಯೆ ಬರೆಸಿಕೊಳ್ಳಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಅನ್ನು ಅಂದೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೌಟರ್‌ಗಳ ಒಳಹೊಕ್ಕಿದ್ದು ಯಾರೂ ಬದಲಿಸದೇ ಬಿಟ್ಟಿದ್ದ ಇಂಥ ಪಾಸ್‌ವರ್ಡ್‌ಗಳಿಂದಲೇ. ಎದುರು ಮನೆಯವರ ಕಿಟಕಿ ನಿಮ್ಮ ಚಿತ್ರದಲ್ಲಿ ಬರುತ್ತಿದ್ದರೆ ಆ ಭಾಗವನ್ನು ಕಪ್ಪು ಚೌಕದಿಂದ ಮುಚ್ಚುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿದೆ, ಅವರು ಕೇಳುವ ಮೊದಲೇ ಮುಚ್ಚಿ.

ಅಕಸ್ಮಾತ್ ಕಳುವಾದರೆ ಟಿವಿಯ ಪರದೆಯನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ಅಷ್ಟಕ್ಕೇ ಬಿಡಬೇಡಿ. ಮೂಲ ದೃಶ್ಯವನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ, ಅದು ಅಳಿಸಿ ಹೋಗದಂತೆ ಯಂತ್ರವನ್ನು ನಿಲ್ಲಿಸಿ, ಪೊಲೀಸರಿಗೆ ತಿಳಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯ ಜೊತೆಗೆ ಪ್ರಮಾಣಪತ್ರ ಬೇಕಾಗುತ್ತದೆ. ಆಗ ಯಂತ್ರದ ಗಡಿಯಾರ ತಪ್ಪಾಗಿದ್ದರೆ ತೊಂದರೆ ಶುರುವಾಗುತ್ತದೆ, ತಿಂಗಳಿಗೊಮ್ಮೆ ಅದನ್ನು ಮೊಬೈಲ್‌ನ ಸಮಯದೊಂದಿಗೆ ಹೋಲಿಸಿ ನೋಡಿ.

ಕ್ಯಾಮೆರಾ ಹಾಕುವವರನ್ನು ಸಂಜೆ ಐದಕ್ಕೆ ಬರಲು ಹೇಳಿ. ಬೆಳಿಗ್ಗೆ ಬಂದರೆ ಹಗಲಿನ ಬಣ್ಣದ ಚಿತ್ರ ತೋರಿಸಿ ಹಣ ತೆಗೆದುಕೊಂಡು ಹೋಗುತ್ತಾರೆ. ಕತ್ತಲಾಗಲಿ. ಗೋಡೆಗೆ ಇನ್ನೂ ಏಣಿ ಆನಿಸಿರುವಾಗಲೇ ಮನೆಯವರೊಬ್ಬರು ಓಣಿಯಿಂದ ಗೇಟು ತೆರೆದು, ಎಂದಿನ ನಡಿಗೆಯಲ್ಲಿ ಬಾಗಿಲವರೆಗೆ ಬರಲಿ. ಆಮೇಲೆ ನೇರ ಪ್ರಸಾರವನ್ನು ಬಿಟ್ಟು, ದಾಖಲಾದ ದೃಶ್ಯವನ್ನು ಟಿವಿಯ ಮೇಲೆ ಹಾಕಿಸಿ, ಗೇಟಿನಲ್ಲಿ ನಿಲ್ಲಿಸಿ ನೋಡಿ. ಕಣ್ಣು, ಮೂಗು, ಹಣೆಯ ವಿಭೂತಿ ಬಿಡಿಬಿಡಿಯಾಗಿ ಕಂಡರೆ ಉಳಿದ ಹಣ ಕೊಡಿ. ಕಾಣದಿದ್ದರೆ ಕ್ಯಾಮೆರಾವನ್ನು ಎರಡು ಅಡಿ ಕೆಳಗಿಳಿಸಿ ಮತ್ತೊಮ್ಮೆ ನಡೆಸಿ.