ಸರ್ವರ್ ಸತ್ತಿದೆ ಅಂತ ಹೇಳುವವರು ಯಾರು?

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಸುಗ್ಗಿ. ವರ್ತಕರು ಲಾಟ್ ನೋಡಿ ಆನ್‌ಲೈನಿನಲ್ಲಿ ಟೆಂಡರ್ ಹಾಕುತ್ತಿದ್ದಾರೆ. ಮುಗಿಯಲು ಇನ್ನೇನು ಎರಡು ನಿಮಿಷ ಇರುವಾಗ ಸರ್ವರ್ ನಿಂತಿತು ಅಂದುಕೊಳ್ಳಿ. ಚೀಲ ಇಳಿಸಿ ಕೂತ ರೈತ ಏನು ಮಾಡಬೇಕು? ಇಂಥ ಹೊತ್ತಿಗೆ ಅಂತಲೇ ಇನ್ನೊಂದು ಸರ್ವರ್ ಇಟ್ಟಿರುತ್ತಾರೆ. ಮೊದಲನೆಯದು ಕೈಕೊಟ್ಟರೆ ಅದು ಕೆಲಸ ವಹಿಸಿಕೊಳ್ಳುತ್ತದೆ. ಇದೇ ಫೇಲ್‌ಓವರ್.

ವಹಿಸಿಕೊಳ್ಳುವುದು ಅಂಥ ಕಷ್ಟವೇನಲ್ಲ. ವರ್ತಕರ ಮೊಬೈಲ್ ಹುಡುಕುವುದು ಒಂದು ಐಪಿ ವಿಳಾಸವನ್ನು, ಅಂದರೆ ನೆಟ್‌ವರ್ಕಿನಲ್ಲಿ ದಾರಿ ತೋರುವ ಒಂದು ಸಂಖ್ಯೆಯನ್ನು; ಯಂತ್ರವನ್ನಲ್ಲ. ಎರಡನೇ ಸರ್ವರ್ ಆ ವಿಳಾಸವನ್ನು ತೆಗೆದುಕೊಂಡು, ಇನ್ನು ಮುಂದೆ ಇದು ನನ್ನದು ಎಂದು ನೆಟ್‌ವರ್ಕಿಗೆ ಸಾರುತ್ತದೆ. ಡೇಟಾದ ನಕಲು ಮೊದಲೇ ಅದರ ಹತ್ತಿರ ಇರುತ್ತದೆ.

ತಲೆನೋವು ಅದಕ್ಕೂ ಮೊದಲೇ ಶುರು. ಮೊದಲನೆಯದು ನಿಜವಾಗಿ ಸತ್ತಿದೆಯಾ? ಸರ್ವರ್‌ಗಳು 'ನಾನಿದ್ದೇನೆ' ಎಂದು ಒಂದಕ್ಕೊಂದು ಸಂದೇಶ ಕಳಿಸುತ್ತಲೇ ಇರುತ್ತವೆ. ಇದಕ್ಕೆ ಹಾರ್ಟ್‌ಬೀಟ್ ಅನ್ನುತ್ತಾರೆ. ಅದು ನಿಂತರೆ ಯಂತ್ರ ಸತ್ತಿರಬಹುದು. ನಡುವಿನ ಕೇಬಲ್ ಕಿತ್ತಿರಬಹುದು. ಸುಮ್ನೆ ಕೆಲಸ ಜಾಸ್ತಿಯಾಗಿ ಉತ್ತರ ತಡವಾಗಿರಲೂಬಹುದು. ಈಚೆ ಕೂತು ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ, ಅಲ್ವಾ? ತುಂಬಾ ಹೊತ್ತು ಕಾದರೆ ಟೆಂಡರ್ ಸಮಯ ಮುಗಿಯುತ್ತದೆ. ದುಡುಕಿದರೆ ಎರಡೂ ಸರ್ವರ್‌ಗಳು ನಾನೇ ಯಜಮಾನ ಎಂದು ಬರೆಯಲು ಕೂರುತ್ತವೆ. ಆಗ ಒಂದೇ ಲಾಟ್ ಇಬ್ಬರು ವರ್ತಕರ ಹೆಸರಿಗೆ! ಇದನ್ನು ಸ್ಪ್ಲಿಟ್ ಬ್ರೇನ್ ಅನ್ನುತ್ತಾರೆ. ನನ್ನ ಕೇಳಿದರೆ, ಸರ್ವರ್ ಪೂರ್ತಿ ನಿಂತುಹೋದರೂ ಪರವಾಗಿಲ್ಲ, ಇದು ಬೇಡ.

ಅದಕ್ಕೇ ಮೂರು ಯಂತ್ರ ಇಟ್ಟು, ಎರಡು ಒಪ್ಪಿದರೆ ಮಾತ್ರ ಯಜಮಾನಿಕೆ ಎಂಬ ನಿಯಮ ಮಾಡುತ್ತಾರೆ. ಇದು ಕೋರಂ. ಅಷ್ಟೂ ಸಾಲದು ಅನ್ನುವವರು ಅನುಮಾನ ಬಂದ ಯಂತ್ರದ ಕರೆಂಟನ್ನೇ ತೆಗೆಸುತ್ತಾರೆ. ಸತ್ತಿದೆಯೋ ಇಲ್ಲವೋ ಗೊತ್ತಾಗದಿದ್ದರೆ ಕೊಂದು ಖಾತ್ರಿ ಮಾಡಿಕೊಳ್ಳುವ ಲೆಕ್ಕ! ಇದಕ್ಕೆ ಫೆನ್ಸಿಂಗ್ ಅಂತ ಹೆಸರು. ಒರಟು ಉಪಾಯ, ಆದರೆ ನಂಬಬಹುದು.

ಕೋರಂ ಇದ್ದೂ ಎಡವಟ್ಟಾಗುವುದುಂಟು. 2018ರ ಅಕ್ಟೋಬರ್ 21ರಂದು ಉಪಕರಣವೊಂದನ್ನು ಬದಲಿಸುವಾಗ ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಡುವ ಗಿಟ್‌ಹಬ್ ಸೈಟಿನ ಅಮೆರಿಕ ಪೂರ್ವ ಕರಾವಳಿಯ ಡೇಟಾ ಸೆಂಟರಿಗೆ ಸಂಪರ್ಕ ತಪ್ಪಿತು. ತಪ್ಪಿದ್ದು 43 ಸೆಕೆಂಡು ಮಾತ್ರ. ಅಷ್ಟರಲ್ಲಿ ಉಳಿದ ಯಂತ್ರಗಳು ಬಹುಮತದಿಂದ ಪಶ್ಚಿಮ ಕರಾವಳಿಯ ಡೇಟಾಬೇಸ್‌ಗಳಿಗೆ ಯಜಮಾನಿಕೆ ಕೊಟ್ಟಿದ್ದವು. ನಿಯಮದ ಪ್ರಕಾರ ಅದು ಸರಿಯೇ. ಆದರೆ ಪೂರ್ವದಲ್ಲಿ ಕೊನೆಗೆ ಬರೆದದ್ದು ಸ್ವಲ್ಪ ಪಶ್ಚಿಮಕ್ಕೆ ತಲುಪಿರಲಿಲ್ಲ. ಸಂಪರ್ಕ ಮರಳಿದಾಗ ಎರಡೂ ಕಡೆ, ಇನ್ನೊಂದು ಕಡೆ ಇಲ್ಲದ ಬರಹ ಇತ್ತು. ಸೈಟನ್ನು ಬೇಗ ಎಬ್ಬಿಸುವುದಕ್ಕಿಂತ ಡೇಟಾ ಉಳಿಸಿಕೊಳ್ಳುವುದು ಮುಖ್ಯ ಎಂದು ಎಂಜಿನಿಯರ್‌ಗಳು ತೀರ್ಮಾನಿಸಿದರು. ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು.