ಅಟ್ಟದಿಂದ ಇಳಿಸಿದ ರೇಡಿಯೋ, ಅದರೊಳಗಿನ ಸಣ್ಣ ಕೆಪಾಸಿಟರ್

ಹೋದ ತಿಂಗಳು ಒಬ್ಬರು ತಮ್ಮ ಅಪ್ಪನ ಕಾಲದ ವಾಲ್ವ್ (ಗಾಜಿನ ಕೊಳವೆ) ರೇಡಿಯೋ ತಂದರು. ಅಟ್ಟದಿಂದ ಇಳಿಸಿ, ಧೂಳು ಒರೆಸಿ, ನೇರ ಪ್ಲಗ್‌ಗೆ ಹಾಕಿದ್ದರಂತೆ. "ಇಪ್ಪತ್ತು ನಿಮಿಷ ಚೆನ್ನಾಗೇ ಹಾಡಿತು ಸರ್, ಆಮೇಲೆ ಸುಟ್ಟ ವಾಸನೆ ಬಂತು" ಅಂದರು. ಹಿಂದಿನ ರಟ್ಟು ಬಿಚ್ಚಿದೆ. ಸ್ಪೀಕರ್‌ಗೆ ಸದ್ದು ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕರಕಲಾಗಿತ್ತು. ಅದನ್ನು ಸುಟ್ಟಿದ್ದು ಕಿರುಬೆರಳಷ್ಟಿದ್ದ ಒಂದು ಮೇಣದ ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಡುವ ಬಿಡಿಭಾಗ. ಹಳೇ ಮೆಕ್ಯಾನಿಕ್‌ಗಳು ಇದನ್ನು ಕಂಡೆನ್ಸರ್ ಅಂತಲೇ ಕರೆಯುತ್ತಾರೆ.

ಎಲ್ಲರ ಕಣ್ಣು ಮೊದಲು ಹೋಗುವುದು ಕರೆಂಟ್‌ನ ಏರಿಳಿತ ಸಮ ಮಾಡುವ ದೊಡ್ಡ ಫಿಲ್ಟರ್ ಕೆಪಾಸಿಟರ್ ಕಡೆಗೆ. ಅದರೊಳಗಿನ ದ್ರಾವಣ ಒಣಗಿದರೆ ಸ್ಪೀಕರ್ ಗುಂಯ್ ಅನ್ನುತ್ತದೆ, ಗೊತ್ತಾಗುತ್ತದೆ. ಸುಮ್ನೆ ಇಟ್ಟರೂ ಅದರ ಆಕ್ಸೈಡ್ ಪದರ ಹಾಳಾಗುತ್ತದೆ. ಅಂಥದ್ದಕ್ಕೆ ಒಮ್ಮೆಲೇ 250 ವೋಲ್ಟ್ ಕೊಟ್ಟರೆ ಬಿಸಿಯಾಗಿ ಸಿಡಿಯಲೂಬಹುದು.

ಆದರೆ ನನಗೆ ಜಾಸ್ತಿ ಭಯ ಆ ಸಣ್ಣದರದ್ದೇ. ಹಾಡನ್ನು ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ (ವಾಲ್ವ್‌ನ ಕರೆಂಟ್ ಹತೋಟಿ ಮಾಡುವ ಜಾಲರಿ) ದಾಟಿಸಬೇಕು, ಡಿಸಿಯನ್ನು (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ತಡೆಯಬೇಕು. ಇದು ಅದರ ಕೆಲಸ. ಒಳಗಿನ ಕಾಗದ ತೇವ ಎಳೆದುಕೊಂಡರೆ ಡಿಸಿ ಸೋರುತ್ತದೆ. 10 ಮೈಕ್ರೋಆಂಪ್ ಸೋರಿದರೂ ಸಾಕು, ಗ್ರಿಡ್‌ನ 470 ಕಿಲೋಓಮ್ ರೆಸಿಸ್ಟರ್ ಮೇಲೆ 4.7 ವೋಲ್ಟ್ ಪ್ಲಸ್ ನಿಲ್ಲುತ್ತದೆ. ಔಟ್‌ಪುಟ್‌ಗೆ ಬಳಸುವ ಇಎಲ್84 ವಾಲ್ವ್‌ಗೆ ಇರಬೇಕಾದ ಮೈನಸ್ ಬಯಾಸೇ (ವಾಲ್ವ್‌ನ ಕರೆಂಟನ್ನು ಮಿತಿಯಲ್ಲಿಡಲು ಗ್ರಿಡ್‌ಗೆ ಬೇಕಾದ ವೋಲ್ಟೇಜ್) ಸುಮಾರು 7 ವೋಲ್ಟ್! ಬಯಾಸ್ ಕುಸಿದರೆ ವಾಲ್ವ್ ಮಿತಿಮೀರಿ ಕರೆಂಟ್ ಎಳೆಯುತ್ತದೆ, ಟ್ರಾನ್ಸ್‌ಫಾರ್ಮರ್ ಬೇಯುತ್ತದೆ. ಅಷ್ಟು ಹೊತ್ತೂ ಹಾಡು ಬರುತ್ತಲೇ ಇರುತ್ತದೆ.

ಮಲ್ಟಿಮೀಟರ್‌ನಲ್ಲಿ ಈ ಕೆಪಾಸಿಟರ್ 0.01 ಮೈಕ್ರೋಫ್ಯಾರಡ್ ಅಂತ ಸರಿಯಾಗೇ ತೋರಿಸಿತು. ಮೀಟರ್ ಅಳೆಯುವುದು ಕೆಲವೇ ವೋಲ್ಟ್‌ನಲ್ಲಿ, ಅಲ್ವಾ? ಸೋರಿಕೆ ಕಾಣುವುದು ಪೂರ್ತಿ ವೋಲ್ಟೇಜ್ ಬಿದ್ದಾಗ. ಅದಕ್ಕೆ ನಾನು ಗ್ರಿಡ್ ಕಡೆಯ ಕಾಲು ಬಿಚ್ಚಿ, ಸೆಟ್ ಬಿಸಿಯಾದ ಮೇಲೆ ಆ ಕಾಲಿಗೂ ಚಾಸಿಗೂ (ಲೋಹದ ಚೌಕಟ್ಟು) ನಡುವೆ ಡಿಸಿ ನೋಡುತ್ತೇನೆ. ಹೆಚ್ಚುಕಡಿಮೆ ಸೊನ್ನೆ ಇರಬೇಕು. ಒಳಗೆ ಕೈ ಹಾಕಿ ಅಭ್ಯಾಸ ಇಲ್ಲದವರು ದಯವಿಟ್ಟು ಇದನ್ನು ಮಾಡಬೇಡಿ. ಸ್ವಿಚ್ ಆಫ್ ಮಾಡಿದ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ.

ಉಳಿದ ಮೇಣದ ಕೆಪಾಸಿಟರ್‌ಗಳನ್ನೆಲ್ಲ ನಾನು ಪರೀಕ್ಷೆ ಮಾಡದೆಯೇ ಬದಲಾಯಿಸುತ್ತೇನೆ. ಮೈಕಾದವನ್ನು ಮುಟ್ಟುವುದಿಲ್ಲ, ಅವು ಸಾಮಾನ್ಯವಾಗಿ ಗಟ್ಟಿ. ಆಮೇಲೆ 60 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ರೇಡಿಯೋದ ಕರೆಂಟ್ ಅದರ ಮೂಲಕವೇ ಹಾಯುವ ಹಾಗೆ, ಕೊಟ್ಟು ಆನ್ ಮಾಡುತ್ತೇನೆ. ಬಲ್ಬ್ ಜೋರಾಗಿ ಹತ್ತಿ ಮಂಕಾದರೆ ಸರಿ. ಜೋರಾಗೇ ಉರಿಯುತ್ತಿದ್ದರೆ ತಕ್ಷಣ ಆಫ್.

ಈ ರೇಡಿಯೋದ ಟ್ರಾನ್ಸ್‌ಫಾರ್ಮರ್ ಮತ್ತೆ ಸುತ್ತಿಸಿದ್ದಾಯಿತು. ಹಳೇ ಕೆಪಾಸಿಟರ್‌ನ ಮೇಣ ಕರಗಿಸಿ, ಆ ಖಾಲಿ ಕೊಳವೆಯೊಳಗೇ 630 ವೋಲ್ಟ್‌ನ ಹೊಸ ಪಾಲಿಯೆಸ್ಟರ್ ಕೆಪಾಸಿಟರ್ ಕೂರಿಸಿದೆ. ಹಿಂದಿನ ರಟ್ಟು ತೆಗೆದು ನೋಡಿದರೂ ಒಳಗೆಲ್ಲ ಅವರ ಅಪ್ಪ ಕೊಂಡಾಗ ಇದ್ದ ಹಾಗೇ ಕಾಣುತ್ತದೆ.